ಅಳತೆಗೆ ಹೆಚ್ಚಾದ ಎರಡು ಬೆರಳು

ಸಕಲೇಶಪುರದ ಕಡೆಯ ತೋಟದ ಡ್ರೈವರ್
ನೀರಿನ ಪೈಪಿನ ತುಂಡೊಳಗೆ ಸುರುಳಿ ಸುತ್ತಿ ತಂದ.
ಎರಡಡಿ ಮೂರಡಿ ರೆಡಿ ಫ್ರೇಮು ಸಾಕಂತೆ,
ಹೆಚ್ಚಾದದ್ದು ಕತ್ತರಿಸಿ ಅಂದಿದ್ದಾರಂತೆ ಸಾಹುಕಾರರು,
ಶನಿವಾರಕ್ಕೆ ಬೇಕಂತೆ.

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ನಮ್ಮಂಗಡಿ.
ಹೆಸರಲ್ಲಷ್ಟೇ ಕೆರೆ.
ಅಬ್ಬಾ ಹೋದ ಮೇಲೆ ಗಾಜು ಕೊಯ್ಯುವ ವಜ್ರ ನನ್ನ ಕೈಗೆ ಬಂತು.
ದೇವರುಗಳಿಗೆ, ಮದುವೆ ಜೋಡಿಗಳಿಗೆ,
ತೀರಿಕೊಂಡ ಮೇಷ್ಟರ ಪಾಸ್‌ಪೋರ್ಟ್ ಸೈಜಿನ ಮುಖಕ್ಕೆ
ಕಟ್ಟು ಹಾಕಿದ್ದೇನೆ.
ಲೋಕಕ್ಕೆ ಹಾಕಿರಲಿಲ್ಲ.

ಬಿಚ್ಚಿ, ನಾಲ್ಕು ಮೂಲೆಗೂ ಮೊಳೆ ಡಬ್ಬಿ ಇಟ್ಟೆ.
ಜಪಾನಿನ ಕಾಗದ, ಮುದುಕಿಯ ಕೆನ್ನೆಯಷ್ಟು ಮೆತ್ತಗೆ.
ಬುಡ ಚೂಪಾದ ದೊಡ್ಡದೊಂದು ನೆಲ, ನಡುವೆ ಕೊಳ,
ಎತ್ತು, ಆನೆ, ಸಿಂಹ, ಕುದುರೆಗಳ ಬಾಯಿಂದ ನಾಲ್ಕು ಹೊಳೆ
ಹೊರಟು, ಕೊಳವನ್ನೇ ಒಂದು ಸುತ್ತು ಬಂದು
ಆಮೇಲೆ ಕಡಲಿನ ದಾರಿ ಹಿಡಿದಿವೆ,
ತವರಿಂದ ಹೊರಟವಳು
ಚಪ್ಪಲಿ ಮೆಟ್ಟಿಕೊಂಡೂ ಮಾತು ಮುಗಿಸದ ಹಾಗೆ.
ಯುರೋಪು? ಎಡಗಡೆ ಮೇಲುಮೂಲೆಯಲ್ಲಿ
ಚೆಲ್ಲಿದ ನಾಲ್ಕು ಅವರೆಕಾಳು.

ಹಿಂಬದಿಯಲ್ಲಿ ಯಾರದೋ ಇಂಗ್ಲಿಷು, ಪೆನ್ಸಿಲಿನಲ್ಲಿ:
ನಡುವಿನ ಕೊಳ ಎಂದೂ ಬಿಸಿಯಾಗದ್ದು.

ಪಕ್ಕದ ಮಳಿಗೆಯ ಶಾಂತರಾಜಯ್ಯ ಬಂದರು,
ಮರದ ಸೀಲು ಕೆತ್ತಿ ಬದುಕಿದವರು.
ಕಂಪ್ಯೂಟರ್ ಬಂದಮೇಲೆ ಬೆರಳಿಗೆ ರಜೆ.
"ಜಂಬೂದ್ವೀಪ ಕಣಮ್ಮ ನಫೀಸಾ" ಎಂದರು.
"ಬೆಳಗೊಳದಲ್ಲಿ ಪಾಠ ಹೇಳಿಸಿಕೊಳ್ಳುವಾಗ
ನಮ್ಮದು ದುಂಡಗಿತ್ತು, ಸುತ್ತ ಉಪ್ಪಿನ ಕಡಲು.
ಇವನದ್ಯಾಕೋ ಬುತ್ತಿಯಲ್ಲಿ ಜಜ್ಜಿಹೋದ ನೇರಳೆ."

ಅಷ್ಟೇ. ಆಮೇಲೆ ಅವರು ದೇಶ ನೋಡಲಿಲ್ಲ.
ಭೂತಗನ್ನಡಿ ಇಸಿದುಕೊಂಡು ಉಳಿ ನೋಡಿದರು.
"ಕಡಲು ಕೆತ್ತಿದ್ದು ಶಿಷ್ಯ. ಇಲ್ಲಿವರೆಗೆ ಭಯ ಇದೆ.
ಇಲ್ಲಿಂದಾಚೆ ಗುರು ಊಟಕ್ಕೆ ಹೋಗಿದ್ದಾನೆ,
ಅಲೆಗಳಿಗೆ ಆಕಳಿಕೆ ಬಂದಿದೆ ನೋಡು.
ಇಲ್ಲಿ ಉಳಿ ಜಾರಿ ಅಲೆ ಹಾರಿಹೋಗಿದೆ,
ಬಿಳಿ ಉಳಿದಿದೆ. ಬಣ್ಣದವನು ಪುಣ್ಯಾತ್ಮ,
ಅದಕ್ಕೊಂದಿಷ್ಟು ಹಳದಿ ಬಳಿದು
ದ್ವೀಪ ಮಾಡಿಬಿಟ್ಟಿದ್ದಾನೆ."

ತುಸು ಸುಮ್ಮನಿದ್ದು:
"ಮರದ ಮೇಲೆ ಎಲ್ಲ ತಿರುಗಮುರುಗ.
ಮೂಡಲು ಪಡುವಲು. ಆರು ತಿಂಗಳು
ಆ ಲೋಕದಲ್ಲೇ ಇದ್ದು ಮನೆಗೆ ಹೋದರೆ
ಬಚ್ಚಲು ಯಾವ ಕಡೆ ಅಂತ ಮರೆಯುತ್ತೆ.
ನಾನೊಮ್ಮೆ ಒಂದು ಪಂಚಾಯ್ತಿ ಸೀಲಿನಲ್ಲಿ
ಹಳ್ಳಿಯ ಹಕಾರ ತಿರುಗಿಸಲು ಮರೆತೆ.
ಹನ್ನೊಂದು ವರ್ಷ ಆ ಊರಿನ ಹುಟ್ಟು ಸಾವೆಲ್ಲ
ಬೆನ್ನು ಹಾಕಿದ ಹಕಾರದಡಿಯಲ್ಲೇ ನಡೆದವು.
ಯಾರೂ ಕೇಳಲಿಲ್ಲ."

ರಾತ್ರಿ ಟ್ಯೂಬ್‌ಲೈಟಿಗೆ ಹಿಡಿದೆ.
ಹುಳು ಕೊರೆದ ದಾರಿಗುಂಟ ಬೆಳಕು:
ಪಡುವಣ ದಂಡೆಯಲ್ಲಿ ಹೊರಟು, ಬೆಟ್ಟ ದಾಟಿ,
ಚೀನಾದಲ್ಲಿ ಎರಡು ಸಲ ತಂಗಿ,
ಈ ನೆಲವನ್ನು ಪೂರ್ತಿ ನಡೆದವನು
ಅವನೊಬ್ಬನೇ ಇರಬೇಕು, ತಿಂದುಕೊಂಡು.

ಸ್ಕೇಲಿಟ್ಟೆ. ತೆಂಕಣದಲ್ಲಿ ಎರಡು ಬೆರಳು ಹೆಚ್ಚು.
ಬ್ಲೇಡು ಹಾಯಬೇಕಾದ ಗೆರೆಯ ಕೆಳಗೆ ಸಣ್ಣದೊಂದು ದ್ವೀಪ.
ತಿರುಗಿಸಿ ಓದಿದೆ: ಹೆಂಗಸರ ನಾಡು.
ಹೋದವರು ಮರಳಿದ್ದಿಲ್ಲ.
ಮರಳದಿದ್ದರೆ
ಸುದ್ದಿ ತಂದವರು ಯಾರಪ್ಪ?

ಮಗ್ಗಿ ಒಪ್ಪಿಸುವಂತೆ ಮತ್ತೆ ಮತ್ತೆ ಅಳೆದೆ.
ಎರಡೇ ಬೆರಳು. ಸಾಹುಕಾರರಿಗೆ ಗೊತ್ತಾಗುತ್ತಿರಲಿಲ್ಲ.
ಅಟ್ಟ ಹತ್ತಿ, ಅಬ್ಬಾ ಯಾರಿಗೆಂದೋ ತೆಗೆದಿಟ್ಟಿದ್ದ
ಬೀಟೆಯ ಪಟ್ಟಿ ಇಳಿಸಿ ಧೂಳು ಒರೆಸಿದೆ.

ಶನಿವಾರ ಜೀಪಿನ ಹಿಂಬಾಗಿಲು ಮುಚ್ಚಲಿಲ್ಲ.
"ಅಳತೆ ಹೇಳಿದ್ದೆನಲ್ಲಕ್ಕ" ಎಂದ ಡ್ರೈವರ್.
"ಹೇಳಿದ್ದೆ" ಎಂದೆ.
ಅಡ್ಡಡ್ಡ ಹಗ್ಗ ಬಿಗಿದ. ಹೊರಗೆ ಚಾಚಿದ ತುದಿಗೆ,
ತೆಂಕಣದ ಆ ಕೊನೆಗೆ,
ಹಿಂದೆ ಬರುವ ಲಾರಿಗಳಿಗೆ ಕಾಣಲೆಂದು
ಹಳೆಯ ದುಪಟ್ಟಾದ ಕೆಂಪು ಚೂರು ಹರಿದು ಕೊಟ್ಟೆ.